ಎಂಟು ಅಡಿಗೆರೆ

ಪುಟ್ಟಮ್ಮನ ಮಾತನ್ನು ಹಳೇ ಕಂಪ್ಯೂಟರು ನುಂಗಿಬಿಟ್ಟಿತು ಎಂದು ಗುಂಡ್ಲುಪೇಟೆಯ ಕಡೆ ಈಗಲೂ ಹೇಳುತ್ತಾರೆ. ಹೇಳುವವರಲ್ಲಿ ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯವರಿದ್ದಾರೆ, ಎಲಚಿಮಾಳದ ಜನರೂ ಇದ್ದಾರೆ. ಕೇಳಲು ಹಿತವಾದ ಮಾತು. ಯಾರ ಮೇಲೂ ತಪ್ಪು ಬರುವುದಿಲ್ಲ, ಕಂಪ್ಯೂಟರು ಎದ್ದು ನಿಂತು ತನ್ನ ಪರವಾಗಿ ವಾದಿಸುವುದೂ ಇಲ್ಲ. ನಾನು ಇದನ್ನು ಒಪ್ಪುವುದಿಲ್ಲ. ಯಂತ್ರ ನುಂಗಲಿಲ್ಲ. ನುಂಗಲೇ ಎಂದು ಕೇಳಿತು. ಹೌದು ಎಂದವಳು ನಾನು.

ಇನ್ನೊಂದು ಪಕ್ಷವೂ ಇದೆ. ಫೈಲುಗಳಿಗೆ ಕನ್ನಡದಲ್ಲಿ ಹೆಸರಿಟ್ಟಿದ್ದೇ ತಪ್ಪು, ಇಂಗ್ಲಿಷಿನಲ್ಲಿ ಒಂದು ಎರಡು ಎಂದು ಬರೆದಿದ್ದರೆ ಏನೂ ಆಗುತ್ತಿರಲಿಲ್ಲ ಎನ್ನುವವರು. ಇವರ ಮಾತಿನಲ್ಲಿ ನಿಜದ ಪಾಲು ಹೆಚ್ಚು. ಅದಕ್ಕೇ ಇವರ ಜೊತೆ ನಾನು ಹೆಚ್ಚು ಜಗಳವಾಡುತ್ತೇನೆ.

ಹೋದ ಆಷಾಢದಲ್ಲಿ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಮುಂದೆ ಚೆಂಡುಹೂವಿನ ಮೂಟೆ ಹೇರಿದ ಲಾರಿಯೊಂದು ದಾರಿ ಬಿಡದೆ ತೆವಳುತ್ತಿತ್ತು. ಸೋನೆ ಮಳೆಗೆ ನೆನೆದ ಮೂಟೆಗಳಿಂದ ಆ ವಾಸನೆ ಕಿಟಕಿಗೆ ಬಡಿಯಿತು. ಅರ್ಧ ಹೂವಿನದು, ಅರ್ಧ ಕೊಳೆತ ಸೊಪ್ಪಿನದು. ಮೂಗಿಗಿಂತ ಗಂಟಲಿಗೆ ಮೊದಲು ತಾಗುವ ವಾಸನೆ. ಪಕ್ಕದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ನಾನು ಹಿಡಿಯಲಿಲ್ಲ. ವರ್ಷಗಳ ಹಿಂದೆ ಒಂದು ಮಳೆಗಾಲ ಪೂರ್ತಿ ನಾನು ಉಸಿರಾಡಿದ್ದು ಇದನ್ನೇ.

ಆಗ ನನ್ನ ಡಿಗ್ರಿ ಮುಗಿದಿತ್ತು. ಹರದನಹಳ್ಳಿಯ ನಮ್ಮ ಮನೆಯ ಗೋಡೆಯ ಶೆಲ್ಫಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳು ಸಾಲಾಗಿ ಕೂತಿದ್ದವು. ನಮ್ಮವ್ವ ಅವುಗಳಲ್ಲಿ ದೊಡ್ಡದೊಂದನ್ನು ಸೂಜಿ ದಾರ ಹಾಕಿಡಲು ಬಳಸುತ್ತಿದ್ದಳು. "ಇವ್ಳ ಕೈಲಿ ಮಾತಾಡಿ ಗೆಲ್ಲೋರು ಉಟ್ಟಿಲ್ಲ ಕಣಪ್ಪ" ಎಂದು ಬಂದವರ ಮುಂದೆ ಹೇಳುತ್ತಿದ್ದಳು. ಹೆಮ್ಮೆಯೋ ಚಿಂತೆಯೋ, ಆ ದನಿಯಲ್ಲಿ ಹೇಳಲಾಗುತ್ತಿರಲಿಲ್ಲ. ಮಾತು ಗೊತ್ತಿದ್ದವರು ಬೇಕು ಎಂದು ಗುಂಡ್ಲುಪೇಟೆಯ ಸಣ್ಣ ಸಂಸ್ಥೆಯೊಂದು ಕರೆದಾಗ ಹೋದೆ. ಬಸ್ ಸ್ಟ್ಯಾಂಡಿನ ಹಿಂದಿನ ಬಾಡಿಗೆ ಮನೆಯೇ ಅದರ ಕಚೇರಿ. ಶಿವಸ್ವಾಮಿ ಸರ್ ಅದನ್ನು ನಡೆಸುತ್ತಿದ್ದರು. ತಗ್ಗಿದ ದನಿಯ, ಸದಾ ಶೀತ ಹಿಡಿದ ಮನುಷ್ಯ.

ಕೆಲಸ ಇಷ್ಟು. ಕಾಡಂಚಿನ ಊರುಗಳವರು, ತಾವು ತಲೆಮಾರುಗಳಿಂದ ಬಳಸುತ್ತ ಬಂದ ಜಾಗಕ್ಕೆ ಹಕ್ಕು ಕೇಳಿ ಅರ್ಜಿ ಹಾಕಬಹುದು. ಹಳೆಯ ಕಾಗದ ಯಾರ ಹತ್ತಿರವೂ ಇರುವುದಿಲ್ಲವಾದ್ದರಿಂದ ಊರ ಹಿರಿಯರ ಹೇಳಿಕೆಯನ್ನೂ ಪುರಾವೆ ಎಂದು ಪರಿಗಣಿಸುತ್ತಾರೆ. ಆ ಹೇಳಿಕೆಗಳನ್ನು ನಾನು ಧ್ವನಿಮುದ್ರಣ ಮಾಡಬೇಕು. ಆಮೇಲೆ ಅವನ್ನು ಟೈಪು ಮಾಡಿ ಹಿರಿಯರ ಹೆಬ್ಬೆಟ್ಟು ಹಾಕಿಸಿ ಅರ್ಜಿಗೆ ಸೇರಿಸಬೇಕು.

ಎಲಚಿಮಾಳ ಅಂಥದೊಂದು ಊರು, ನಲವತ್ತು ಮನೆಯದು. ಅವರು ಕೇಳುತ್ತಿದ್ದದ್ದು ಹೊಲವನ್ನಲ್ಲ, ಸೌದೆಯನ್ನೂ ಅಲ್ಲ. ಊರು ಮೊದಲು ಕಾಡಿನೊಳಗೆ, ಮೇಲಿತ್ತು. ಸತ್ತವರನ್ನು ಹೂತ ಗುಡ್ಡೆಗಳು ಅಲ್ಲೇ ಉಳಿದಿದ್ದವು. ಪಿತೃಪಕ್ಷದಲ್ಲಿ ಒಂದು ದಿನ ಅಲ್ಲಿಗೆ ಹೋಗಿ ಹಿರಿಯರಿಗೆ ಎಡೆ ಇಟ್ಟು ಬರುವ ಹಾದಿ ಬೇಕು. ವರ್ಷಕ್ಕೆ ಒಂದೇ ಒಂದು ದಿನ. ಹೋಗುವ ಹಾದಿಗೆ ಅಡ್ಡಲಾಗಿ ಆನೆ ಕಂದಕ ತೋಡಲು ಗುರುತು ಹಾಕಿ ಆಗಿತ್ತು. ಗುಡ್ಡೆಗಳು ಇವೆ, ಹಾದಿ ಇದೆ, ಜನ ಹೋಗುತ್ತಿದ್ದಾರೆ ಎಂದು ತೋರಿಸಿದರೆ ಕಂದಕಕ್ಕೆ ಒಂದು ದಾಟು ಬಿಡಬಹುದು ಎಂಬ ಆಸೆ.

ಎಲಚಿಮಾಳದಲ್ಲಿ ಹೇಳಿಕೆ ಕೊಡುವಷ್ಟು ವಯಸ್ಸಾದವರು ಆರು ಜನ. ಅವರಲ್ಲಿ ಹಾದಿಯನ್ನು ಮರಮರವಾಗಿ, ಕಲ್ಲುಕಲ್ಲಾಗಿ ಹೇಳಿದ್ದು ಪುಟ್ಟಮ್ಮ ಒಬ್ಬಳೇ.

ನಾನು ಹೋದಾಗ ಜಗಲಿಯ ಮೇಲೆ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಆ ಸರಸರ ಸದ್ದು ರೆಕಾರ್ಡರಿಗೆ ಬೀಳುತ್ತದೆ, ಸ್ವಲ್ಪ ನಿಲ್ಲಿಸಿ ಎಂದೆ.

"ಕೈ ನಿಂತ್ರೆ ಬಾಯೂ ನಿಂತೋಯ್ತದೆ ಕಣಮ್ಮಿ. ಎರ್ಡೂ ಬೇಕಾ, ಎರ್ಡೂ ಬ್ಯಾಡ್ವಾ?"

ನಾನು ಸೋತೆ. ಆಕೆಯ ಮಗಳು ಮಾದೇವಿ ಒಳಗಿನಿಂದ ನಕ್ಕಳು. "ನೀವೇ ಏನೋ ಡಿಬೇಟಲ್ಲಿ ಫಸ್ಟ್ ಅಂತೆ, ನಮ್ಮವ್ವನ್ ಮುಂದೆ ಒಂದ್ ನಿಮ್ಷವೂ ನಿಲ್ನಿಲ್ವಲ್ಲ ಅಕ್ಕಾ."

ಮೊರ ಆಡಿಸುತ್ತಲೇ ಪುಟ್ಟಮ್ಮ ಹೇಳಿದಳು. "ಇಲ್ಲಿಂದ ಹಳ್ಳ ದಾಟು. ಒಂದು ಉಣ್ಸೆ ಮರ ಸಿಕ್ತದೆ. ಸಿಡ್ಲು ಒಡ್ದು ಅರ್ಧ ಕರ್ರಗಾಗದೆ, ಇನ್ನರ್ಧ ಇವತ್ಗೂ ಕಾಯಿ ಬುಡ್ತದೆ. ಅಲ್ಲಿಂದ ಎಡಕ್ಕೆ ಓದ್ರೆ ಒರಳ್ಕಲ್ಲು. ಬಂಡೇಲೇ ಕೊರ್ದಿರೋದು. ನಮ್ಮತ್ತೆ ರಾಗಿ ಕುಟ್ತಿದ್ದುದು ಅದ್ರಲ್ಲೇಯ. ಅಲ್ಲಿ ನಿಂತ್ಕಂಡು ಕೂಗುದ್ರೆ ಕೇಳೋಷ್ಟು ದೂರದಲ್ಲಿ ಗುಡ್ಡೆಗಳು. ನಮ್ಮೆಜಮಾನ್ರ ತಲೇತಾವ ಕಳ್ಳಿ ನೆಟ್ಟಿವ್ನಿ, ಗುರ್ತಿಗೆ."

"ಯಾರ್ಯಾರು ಹೋಗ್ತಿದ್ರಿ ಅಜ್ಜಿ?"

"ನಾನು, ಸಿದ್ದಿ. ಇನ್ಯಾರು ಬತ್ತಾರೆ? ವಾರ್ಗಿತ್ತೀರಿಬ್ರೂ ಜಗಳ ಆಡ್ಕಂಡು ಓಗೋದು, ಜಗಳ ಆಡ್ಕಂಡು ಬರೋದು. ಸತ್ತೋರು ಎದ್ದು ಕೂತ್ಕಂಡು, ಬಾಯ್ಮುಚ್ಚ್ರಮ್ಮೀ ಅನ್ಬೇಕು, ಅಂಗೆ."

ಸಿದ್ದಿ ಎಂದರೆ ಸಿದ್ದಮ್ಮ, ಪುಟ್ಟಮ್ಮನ ಗಂಡನ ಅಣ್ಣನ ಹೆಂಡತಿ. ಎರಡು ಮನೆ ಆಚೆ ಇದ್ದಳು. ನಾನು ಅಲ್ಲಿಗೆ ಹೋದಾಗ ಬಾಗಿಲ ಮುಂದಿನ ತಂತಿಯ ಮೇಲೆ ಖಾಕಿ ಅಂಗಿಯೊಂದು ಒಣಗದೆ ತೊಟ್ಟಿಕ್ಕುತ್ತಿತ್ತು. ಮೊಮ್ಮಗ ಕಾಡು ಕಾಯುವ ವಾಚರ್, ದಿನಗೂಲಿಯ ಮೇಲೆ. ಸಿದ್ದಮ್ಮ ರೆಕಾರ್ಡರಿನ ಕೆಂಪು ದೀಪವನ್ನೇ ನೋಡುತ್ತ ಹೇಳಿದಳು. "ನಾ ಆ ಕಡೀಕೆ ಓದೋಳೇ ಅಲ್ಲ ಕಣವ್ವ. ಅಲ್ಲಿ ಹಾದಿ ಅದೋ ಇಲ್ವೋ, ನಂಗೇನ್ ಗೊತ್ತು. ಕಾಡು ಅಂದ್ರೆ ಮೊದ್ಲಿಂದ್ಲೂ ಭಯ ನಂಗೆ."

ಪುಟ್ಟಮ್ಮಜ್ಜಿ ಬೇರೆ ಹೇಳಿದರಲ್ಲ ಎಂದೆ. "ಆ ಮಿಷನ್ನ ಆರ್ಸು ಮೊದ್ಲು" ಎಂದಳು. ಆರಿಸಿದೆ. "ಅವ್ಳು ಏಳ್ತಾಳೆ. ಅವ್ಳ ಮನೆ ಮುಂದೆ ಕಾಕಿ ಅಂಗಿ ಒಣ್ಗಾಕಿಲ್ಲವಲ್ಲ."

ಸಿದ್ದಮ್ಮನ ಹೇಳಿಕೆಯನ್ನು ಕೈಬಿಡೋಣ ಎಂದು ಶಿವಸ್ವಾಮಿ ಸರ್ ಹೇಳಿದರು. ನಾನು ಬಿಡಲಿಲ್ಲ. ನಮಗೆ ಬೇಕಾದವರ ಮಾತನ್ನು ಮಾತ್ರ ಇಟ್ಟುಕೊಂಡರೆ ಅದು ಪುರಾವೆ ಹೇಗಾಗುತ್ತದೆ ಎಂದು ವಾದಿಸಿದೆ. ಪುಟ್ಟಮ್ಮನ ಅಷ್ಟು ವಿವರದ ಎದುರು ಒಂದು 'ಗೊತ್ತಿಲ್ಲ' ನಿಲ್ಲುವುದಿಲ್ಲ, ಎರಡೂ ಇದ್ದರೆ ನಮ್ಮ ಪ್ರಾಮಾಣಿಕತೆಗೇ ತೂಕ ಬರುತ್ತದೆ ಎಂದೆ. ಅವರು ಮೂಗು ಒರೆಸಿಕೊಂಡರು. ಅರ್ಜಿಯ ಜೊತೆ ಕೊಟ್ಟ ಪಟ್ಟಿಯಲ್ಲಿ ಆರೂ ಹೆಸರು ಹೋದವು.

ಆ ಮಳೆಗಾಲದಲ್ಲಿ ನಾನು ಗೆದ್ದ ಎರಡನೆಯ ವಾದ ಫೈಲುಗಳ ಹೆಸರಿನದು. ಒಂದು ಸಂಜೆ ಕಚೇರಿಯಲ್ಲಿ ಎಲ್ಲರೂ ಮಂಡಕ್ಕಿ ತಿನ್ನುತ್ತ ಕೂತಿದ್ದಾಗ ಶಿವಸ್ವಾಮಿ ಸರ್, ಫೈಲುಗಳಿಗೆ ಇಂಗ್ಲಿಷಿನಲ್ಲಿ ನಂಬರು ಕೊಟ್ಟುಬಿಡಮ್ಮ ಎಂದರು. ಚಾಮರಾಜನಗರದ ನಮ್ಮ ಇನ್ನೊಂದು ಕಚೇರಿಯಲ್ಲಿ ಟೈಪು ಮಾಡುವ ನಾಗೇಶಣ್ಣನ ಯಂತ್ರ ಬಹಳ ಹಳೆಯದು, ಅದಕ್ಕೆ ಕನ್ನಡದ ಹೆಸರು ಹಿಡಿಸುವುದಿಲ್ಲ ಎಂದರು.

ನಾನು ಎದ್ದು ನಿಂತೆ. ಎದ್ದು ನಿಲ್ಲುವ ಅಗತ್ಯವೇನೂ ಇರಲಿಲ್ಲ, ಅಭ್ಯಾಸ. ಇವರಿಗೆಲ್ಲ ಪಡಿತರ ಚೀಟಿಯಲ್ಲಿ ನಂಬರು, ಪಿಂಚಣಿಯಲ್ಲಿ ನಂಬರು. ಒಬ್ಬಳು ಬದುಕಿನಲ್ಲಿ ಮೊದಲ ಸಲ ತನ್ನ ದನಿಯಲ್ಲಿ ಸಾಕ್ಷಿ ಹೇಳಿದ್ದಾಳೆ, ಅದಕ್ಕೂ ನಂಬರೇ? ಕನ್ನಡದಲ್ಲಿ ಹೇಳಿದ ಮಾತಿಗೆ ಕನ್ನಡದಲ್ಲಿ ಹೆಸರಿಡಲು ನಾವೇ ಹೆದರಿದರೆ ಸರ್ಕಾರ ಯಾಕೆ ಹೆದರಬಾರದು? ಮಂಡಕ್ಕಿ ತಿನ್ನುತ್ತಿದ್ದವರು ಚಪ್ಪಾಳೆ ತಟ್ಟಿದರು. ಶಿವಸ್ವಾಮಿ ಸರ್ ಮಾತ್ರ, "ಅದು ಸರಿ ಕಣಮ್ಮ, ಆದ್ರೆ ಮಿಷನ್ನು ಚಪ್ಪಾಳೆ ಕೇಳಿಸ್ಕೊಳಲ್ವಲ್ಲ" ಎಂದರು. ಒಳ್ಳೆಯ ಮಾತು. ಆದರೆ ಸಭೆ ನನ್ನ ಕಡೆಗಿತ್ತು.

ನಾಗೇಶಣ್ಣನ ಹಳೆಯ ಯಂತ್ರದ ಗುಟ್ಟು ಆಮೇಲೆ ಗೊತ್ತಾಯಿತು. ಅವನ ಬೆರಳಿಗೆ ಒಗ್ಗಿದ್ದ ಕನ್ನಡ ಟೈಪಿಂಗಿನ ತಂತ್ರಾಂಶ ಅದರಲ್ಲಿ ಮಾತ್ರ ಓಡುತ್ತಿತ್ತು. ಹೊಸ ಯಂತ್ರ ಕೊಡಿಸುತ್ತೇವೆಂದರೂ ಅವನು ಬೇಡವೆಂದಿದ್ದ. ಅಂದರೆ ಕನ್ನಡಕ್ಕಾಗಿಯೇ ಉಳಿಸಿಕೊಂಡಿದ್ದ ಯಂತ್ರ ಅದು. ಅದರಲ್ಲಿ ಕನ್ನಡ ಪುಟದ ಮೇಲೆ ಕಾಣುತ್ತಿತ್ತು, ಅಷ್ಟೆ. ಒಳಗೆ ಅದಕ್ಕೆ ಇಂಗ್ಲಿಷ್ ಅಕ್ಷರವನ್ನು ಬಿಟ್ಟು ಬೇರೆ ಗೊತ್ತಿರಲಿಲ್ಲ.

ಶ್ರಾವಣದ ಕೊನೆಯಲ್ಲಿ ಮೂರು ಊರಿನ ಹೇಳಿಕೆಗಳನ್ನೆಲ್ಲ ಒಂದೇ ಜಿಪ್ ಕಟ್ಟಿಗೆ ಸೇರಿಸಿ ಪೆನ್‌ಡ್ರೈವಿನಲ್ಲಿ ಹಾಕಿ ಅವನಿಗೆ ಕಳಿಸಿದೆ. ಮೊದಲ ಸಲ ಕಟ್ಟು ಬಿಚ್ಚುವಾಗ ನಡುವೆ ಕರೆಂಟು ಹೋಯಿತಂತೆ. ಎರಡು ದಿನ ಬಿಟ್ಟು ಮತ್ತೆ ಬಿಚ್ಚಿದ. ಆ ಹೊತ್ತಿಗೆ ನಾನು ಮೈಸೂರಿನ ಕಾಲೇಜೊಂದರಲ್ಲಿ ಚರ್ಚಾಸ್ಪರ್ಧೆಯ ತೀರ್ಪುಗಾರಳಾಗಿ ಕೂತಿದ್ದೆ. ಒಬ್ಬ ಹುಡುಗ ಮಾತು ಮುಗಿಸಿ ಇನ್ನೊಬ್ಬಳು ವೇದಿಕೆಗೆ ಬರುವ ನಡುವೆ ಫೋನು ಬಂತು.

"ಮೇಡಂ, ಏನೋ ಕೇಳ್ತಾ ಅದೆ ಇದು. ಇದೇ ಹೆಸ್ರಿನ ಫೈಲು ಆಗ್ಲೇ ಅದೆ, ಅದ್ರ ಮೇಲೇ ಹಾಕ್ಲಾ ಅಂತದೆ. ಒಂದ್ಕಿತ ಅಲ್ಲ, ಮ್ಯಾಲಿಂದ ಮ್ಯಾಲೆ ಕೇಳ್ತದೆ."

"ಮೊನ್ನೆ ಅರ್ಧ ಹಾಕಿದ್ರಲ್ಲಣ್ಣ, ಅದೇ ಇರುತ್ತೆ. ಎಲ್ಲಕ್ಕೂ ಹೌದು ಅಂತ ಒತ್ತಿ."

"ಒತ್ಬುಡ್ಲಾ?"

"ಒತ್ತಿ ಅಣ್ಣ. ಇಲ್ಲಿ ಕಾಯ್ತಿದಾರೆ."

ಸಂಜೆ ನಾನೇ ಫೋನು ಮಾಡಿ, ಎಲ್ಲ ಬಂತಾ ಎಂದೆ. ಬಂತು ಮೇಡಂ ಎಂದ. ಅಂದು ವೇದಿಕೆಯ ಮೇಲಿದ್ದ ಮಕ್ಕಳಿಗೆ, ಪುರಾವೆ ಕೊಡದೆ ಏನನ್ನೂ ಹೇಳಬೇಡಿ ಎಂದು ಪಾಠ ಮಾಡಿ ಬಂದವಳು ನಾನು. 'ಬಂತು' ಎಂಬ ಒಂದು ಪದವನ್ನು ನಂಬಿ ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ಅಳಿಸಿದೆ. ಜನರ ಹೇಳಿಕೆ ಇನ್ನೊಬ್ಬರ ಕೈಗೆ ಹೋಗಬಾರದು, ಒಂದೇ ಕಡೆ ಇರಬೇಕು ಎಂಬುದು ನಮ್ಮ ನಿಯಮ. ರೆಕಾರ್ಡರಿನ ಕಾರ್ಡನ್ನು ದಿನವೂ ಅಳಿಸಿ ಬಳಸುತ್ತಿದ್ದೆವು. ನಾಗೇಶಣ್ಣ ಅಕ್ಕನ ಮಗಳ ಮದುವೆಯ ವಿಡಿಯೋ ತುಂಬಿಕೊಳ್ಳಲು ಪೆನ್‌ಡ್ರೈವ್ ಖಾಲಿ ಮಾಡಿದ.

ಭಾದ್ರಪದದಲ್ಲಿ ಪುಟ್ಟಮ್ಮ ತೀರಿಕೊಂಡಳು. ಎರಡು ದಿನ ಜ್ವರ, ಮೂರನೆಯ ದಿನ ಇಲ್ಲ.

ದಸರಾ ಮುಗಿದ ಮೇಲೆ ಮಾದೇವಿ ಚಾಮರಾಜನಗರಕ್ಕೆ ಬಂದಳು. ನಾನೇ ಬಸ್ ಸ್ಟ್ಯಾಂಡಿನಿಂದ ಕರೆದುಕೊಂಡು ಕಚೇರಿಗೆ ಹೋದೆ. ನಾಗೇಶಣ್ಣ ಇನ್ನೂ ಎಲಚಿಮಾಳದ ಟೈಪಿಂಗಿಗೆ ಕೈ ಹಾಕಿರಲಿಲ್ಲ.

"ಅಣ್ಣೋ, ನಮ್ಮವ್ವನ ದನಿ ಒಂದ್ಕಿತ ಕೇಳ್ಸಿ. ಬೇರೇನೂ ಬ್ಯಾಡ" ಎಂದಳು. ನಾಗೇಶಣ್ಣ ತೆರೆಯನ್ನು ಅವಳ ಕಡೆ ತಿರುಗಿಸಿದ. ಎಲಚಿಮಾಳದ ಫೋಲ್ಡರಿನಲ್ಲಿ ಇದ್ದದ್ದು ಮೂರೇ ಫೈಲು. ಹೆಸರುಗಳ ಜಾಗದಲ್ಲಿ ಅಕ್ಷರವೇ ಇರಲಿಲ್ಲ, ಬರೀ ಅಡಿಗೆರೆ. ಒಂದಕ್ಕೆ ಐದು, ಒಂದಕ್ಕೆ ಆರು, ಒಂದಕ್ಕೆ ಎಂಟು.

"ಹೆಸ್ರು ಕಾಣಲ್ಲ ಅಷ್ಟೆ, ಒಳ್ಗೆ ಇರ್ತದೆ ಬುಡಿ" ಎಂದು ಅವನು ಮೊದಲೆರಡನ್ನು ತೆರೆದ. ಎರಡೂ ಗಂಡಸರ ದನಿ. ಎಂಟು ಗೆರೆಯದನ್ನು ಒತ್ತಿದಾಗ ಹೆಂಗಸಿನ ಕೆಮ್ಮು ಕೇಳಿತು. ಮಾದೇವಿ ಕುರ್ಚಿಯ ತುದಿಗೆ ಬಂದಳು.

'ನಾ ಆ ಕಡೀಕೆ ಓದೋಳೇ ಅಲ್ಲ ಕಣವ್ವ...'

ಮಾದೇವಿ ಕೊನೆಯವರೆಗೂ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಇದು ನಮ್ಮವ್ವ ಅಲ್ಲ. ದೊಡ್ಡವ್ವ. ನಮ್ಮವ್ವ ಯಾವ್ದ್ರಲ್ಲವ್ಳೆ?"

ನಾಗೇಶಣ್ಣ ಒಂದೊಂದಾಗಿ ಎಲ್ಲ ಫೋಲ್ಡರುಗಳನ್ನೂ ತೆರೆದ. ಮೂರು ಊರಿನ ನಲವತ್ತೊಂದು ದನಿಗಳಲ್ಲಿ ಉಳಿದದ್ದು ಹನ್ನೆರಡು. "ನೀವೇ ಅಂದ್ರಲ್ಲ ಮೇಡಂ, ಒತ್ತಿ ಅಂತ" ಎಂದ. ಬಯ್ಯುವಂತೆ ಅಲ್ಲ, ಯಾರಾದರೂ ಇಲ್ಲ ಎನ್ನಲಿ ಎಂದು ಬೇಡುವಂತೆ. ನಾನು ಹೌದು ಎಂದೆ.

ಏನಾಯಿತೆಂದು ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಈಗ ಬಿಡಿಸಿ ಹೇಳಬಲ್ಲೆ. ಹೊಸ ಯಂತ್ರಗಳು ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಟ್ಟು ಹೆಸರನ್ನು ಬರೆದಿಡುತ್ತವೆ. ಅದಕ್ಕೆ ಯೂನಿಕೋಡ್ ಎನ್ನುತ್ತಾರೆ. ಹಳೆಯ ಯಂತ್ರಕ್ಕೆ ತನ್ನದೇ ಸಣ್ಣ ಪಟ್ಟಿ ಇರುತ್ತದೆ. ಕಟ್ಟು ಬಿಚ್ಚುವ ತಂತ್ರಾಂಶ ಮೊದಲ ಲೆಕ್ಕದ ಹೆಸರನ್ನು ಎರಡನೆಯ ಪಟ್ಟಿಗೆ ಬದಲಿಸಿ ಯಂತ್ರಕ್ಕೆ ಒಪ್ಪಿಸಬೇಕು. ಪಟ್ಟಿಯಲ್ಲಿ ಇಲ್ಲದ ಅಕ್ಷರ ಬಂದರೆ ಅದು ನಿಲ್ಲಬಹುದಿತ್ತು, ಇದು ನನ್ನಿಂದ ಆಗದು ಎನ್ನಬಹುದಿತ್ತು. ಇದು ಹಾಗೆನ್ನಲಿಲ್ಲ. ತಿಳಿಯದ ಪ್ರತಿ ಅಕ್ಷರಕ್ಕೂ ಒಂದು ಗೆರೆ ಎಳೆದು ಮುಂದೆ ಹೋಯಿತು. ಗುಣಿತ, ಒತ್ತುಗಳನ್ನೂ ಅದು ಬಿಡಿಬಿಡಿಯಾಗಿ ಎಣಿಸುತ್ತದೆ. ಹಾಗೆ ಎಣಿಸಿದರೆ ಪುಟ್ಟಮ್ಮನಿಗೂ ಎಂಟು, ಸಿದ್ದಮ್ಮನಿಗೂ ಎಂಟು. ನಂಜಪ್ಪ, ಮಾದಪ್ಪ, ರಾಚಪ್ಪ ಮೂವರಿಗೂ ಆರು. ಬಸಪ್ಪನೊಬ್ಬನಿಗೆ ಐದು. ನಮ್ಮ ಸೀಮೆಯಲ್ಲಿ ಎರಡಕ್ಷರದ ಒಂದು ದೇವರಿಗೋ ಗುಣಕ್ಕೋ ಅಮ್ಮ, ಅಪ್ಪ ಸೇರಿಸಿದರೆ ಹೆಸರು ಮುಗಿಯಿತು. ಎಲ್ಲ ಒಂದೇ ಅಳತೆ. ಒಂದೇ ಹೆಸರಾದವರು ಒಬ್ಬರ ಮೇಲೊಬ್ಬರು ಬಿದ್ದರು. ಅಕಾರಾದಿಯಲ್ಲಿ ಕೊನೆಗೆ ಬಂದವರು ಮೇಲೆ ಉಳಿದರು. 'ಪ' ಮೊದಲು, 'ಸ' ಆಮೇಲೆ.

ಹೆಸರು ಹೆಸರಾಗಿಯೇ ಇರಲಿ ಎಂದು ವಾದಿಸಿದವಳು ನಾನು. ನಂಬರು ಕೊಟ್ಟಿದ್ದರೆ ಪುಟ್ಟಮ್ಮ ಪುಟ್ಟಮ್ಮನಾಗಿಯೇ ಇರುತ್ತಿದ್ದಳು. ಇದಕ್ಕೆ ಪ್ರತಿವಾದ ಹುಡುಕಿದ್ದೇನೆ, ಇವತ್ತಿಗೂ ಸಿಕ್ಕಿಲ್ಲ. ಕನ್ನಡ ತಪ್ಪಲ್ಲ, ಕನ್ನಡ ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳದ ಯಂತ್ರದ್ದು ತಪ್ಪು ಎನ್ನಬಹುದು. ಆದರೆ ಹೇಳಿದ ಮನುಷ್ಯನೊಬ್ಬ ಮೂಗು ಒರೆಸಿಕೊಂಡು ನನ್ನೆದುರೇ ಕೂತಿದ್ದನಲ್ಲ.

ಪೆನ್‌ಡ್ರೈವನ್ನು ಗುಂಡ್ಲುಪೇಟೆಯ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯ ಮಲಯಾಳಿ ಚೇಟ ಅರ್ಧ ದಿನ ಕೂತು ಹೆಕ್ಕಿದ. ಸಿಕ್ಕಿದ್ದೆಲ್ಲ ಮದುವೆ. ಧಾರೆ, ಆರತಕ್ಷತೆ, ಊಟದ ಪಂಕ್ತಿ. "ಇದ್ರ ಅಡಿಯಲ್ಲಿ ಏನೂ ಇಲ್ಲ ಮೋಳೇ" ಎಂದು ಕೈಗೆ ಕೊಟ್ಟ. ಲ್ಯಾಪ್‌ಟಾಪಿನ ಡಿಸ್ಕನ್ನೂ ತೋರಿಸಿದೆ. ಅದರಲ್ಲಿ ಆ ಹೊತ್ತಿಗೆ ಇನ್ನೊಂದು ತಾಲ್ಲೂಕಿನ ಕೆಲಸ ತುಂಬಿತ್ತು.

ಉಳಿದ ಗಂಡಸರ ಹೇಳಿಕೆಯನ್ನು ಮತ್ತೆ ತೆಗೆದುಕೊಂಡೆವು. ಅವರು ದನ ಮೇಯಿಸಿದ್ದನ್ನು ಹೇಳಿದರು, ಗುಡ್ಡೆಯ ಹಾದಿ ಹೆಂಗಸರದು ಎಂದರು. ಪುಟ್ಟಮ್ಮ ಹೇಳಿದ್ದನ್ನು ಕೇಳಿದವಳು ನಾನಿದ್ದೇನಲ್ಲ ಎಂದು, ಹುಣಸೆ ಮರದಿಂದ ಕಳ್ಳಿಯವರೆಗೆ ನೆನಪಿನಿಂದ ಬರೆದು ಸಹಿ ಮಾಡಿ ವಿಚಾರಣೆಗೆ ಒಯ್ದೆ. ಮೇಜಿನ ಆಚೆ ಕೂತವರು ಪೂರ್ತಿ ಓದಿದರು. ಒರಟಾಗಿ ಏನೂ ಮಾತಾಡಲಿಲ್ಲ.

"ನಿಮ್ಮ ವಯಸ್ಸೆಷ್ಟಮ್ಮ?"

"ಇಪ್ಪತ್ತಮೂರು."

"ಹಿರಿಯರ ಹೇಳಿಕೆ ಬೇಕು."

ಪಟ್ಟಿಯಲ್ಲಿ ಇದ್ದ ಸಿದ್ದಮ್ಮನ ಹೇಳಿಕೆಯನ್ನು ಅವರು ಕೇಳಿದರು, ಕೊಡಲೇಬೇಕಾಯಿತು. ಪುಟ್ಟಮ್ಮನ ಹೆಸರಿನ ಮುಂದೆ 'ಧ್ವನಿ ಲಭ್ಯವಿಲ್ಲ' ಎಂದು ನಾನೇ ಬರೆದೆ. ಹಾದಿಯ ಬಗ್ಗೆ ಆ ಕಡತದಲ್ಲಿ ಉಳಿದ ಒಂದೇ ಒಂದು ಮಾತು, ಹಾದಿ ಗೊತ್ತಿಲ್ಲ ಎಂಬ ಮಾತು. ಅರ್ಜಿ ತಿರಸ್ಕಾರವಾಯಿತು. ಬೇಸಿಗೆಯಲ್ಲಿ ಕಂದಕ ತೋಡಿದರು, ದಾಟು ಬಿಡಲಿಲ್ಲ. ಆ ವರ್ಷದ ಪಿತೃಪಕ್ಷದಲ್ಲಿ ಮಾದೇವಿ ಕಂದಕದ ಈಚೆ ದಂಡೆಯಲ್ಲೇ ಎಲೆ ಹಾಸಿ ಎಡೆ ಇಟ್ಟಳಂತೆ. ಕಾಗೆ ಬರಲಿಲ್ಲ, ನಾಯಿ ಬಂತು ಎಂದು ಫೋನಿನಲ್ಲಿ ಹೇಳಿದಳು.

ಹೋದ ಆಷಾಢದಲ್ಲಿ ನಾನು ಆ ಬಸ್ಸಿನಲ್ಲಿ ಹೋಗುತ್ತಿದ್ದದ್ದು ಎಲಚಿಮಾಳಕ್ಕೇ. ಮೇಲ್ಮನವಿ ಹಾಕಲು ಕೊನೆಯ ಒಂದು ಅವಕಾಶ ಇದೆ, ಹೊಸದಾಗಿ ಒಬ್ಬ ಹಿರಿಯರ ಹೇಳಿಕೆ ಸಿಕ್ಕರೆ ನೋಡೋಣ ಎಂದು ಶಿವಸ್ವಾಮಿ ಸರ್ ಹೇಳಿ ಕಳಿಸಿದ್ದರು. ಸಿಗಬಹುದೆಂಬ ನಂಬಿಕೆ ಅವರ ದನಿಯಲ್ಲಿ ಇರಲಿಲ್ಲ. ಹಾದಿ ಗೊತ್ತಿರುವವರು ಇನ್ನು ಬದುಕಿರುವುದು ಒಬ್ಬಳೇ.

ಸಿದ್ದಮ್ಮ ಕಂಬಳಿ ಹೊದ್ದು ಜಗಲಿಯ ಮೇಲೆ ಕೂತಿದ್ದಳು. ಕಣ್ಣು ಮಂಜಾಗಿದೆ, ದನಿಯಿಂದ ನನ್ನನ್ನು ಗುರುತಿಸಿದಳು. ಮೊಮ್ಮಗನ ಕೆಲಸ ಇನ್ನೂ ಖಾಯಂ ಆಗಿಲ್ಲ ಎಂದು ನಾನು ಕೇಳುವ ಮೊದಲೇ ಹೇಳಿದಳು. ಮಾದೇವಿ ನನ್ನ ಜೊತೆ ಬಂದಿದ್ದಳು. ದೊಡ್ಡವ್ವನ ಎದುರು ಕುಕ್ಕರಗಾಲಲ್ಲಿ ಕೂತು, "ದೊಡ್ಡವ್ವ, ಒಂದ್ ಮಾತು ಏಳ್ಬುಡು. ನಿನ್ ಕಾಲಿಗ್ ಬೀಳ್ತೀನಿ" ಎಂದಳು.

"ಏಳದು ಏಳಾಗದೆ ಕಣ ಕೂಸೇ. ಆವತ್ತೇ ಏಳಿವ್ನಿ. ಆ ಮಿಷನ್ನಲ್ಲಿ ಅದೆಯಲ್ಲ."

ನಾನು ರೆಕಾರ್ಡರನ್ನು ಚೀಲದಿಂದ ಹೊರಗೆ ತೆಗೆದಿರಲೇ ಇಲ್ಲ. ಫೋನನ್ನೂ ಆರಿಸಿ, ಆರಿಸಿದ್ದನ್ನು ಆಕೆಯ ಕೈಯಲ್ಲೇ ಇಟ್ಟೆ. ಆವತ್ತು ಈ ಜಗಲಿಯ ಮೇಲೆ ಕೂತು ಹಾದಿಯ ಬಗ್ಗೆ ಹತ್ತು ಪ್ರಶ್ನೆ ಕೇಳಿದ್ದೆ. ಕೇಳಬೇಕಾದ ಒಂದೇ ಒಂದು ಪ್ರಶ್ನೆ, ಹಾದಿಯದಲ್ಲ ಗುಡ್ಡೆಯದು, ನನಗೆ ಹೊಳೆದದ್ದು ಇಷ್ಟು ವರ್ಷದ ಮೇಲೆ, ಬಸ್ಸಿನಲ್ಲಿ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎದುರಾಳಿಗೆ ಕೇಳಬಾರದು ಎಂದು ನಮಗೆ ಕಲಿಸಿದ್ದರು. ಆಕೆ ಎದುರಾಳಿಯಲ್ಲ, ಉತ್ತರ ನನಗೆ ಗೊತ್ತಿರಲಿಲ್ಲ. ಕೇಳಿದೆ.

"ಅಜ್ಜಿ, ನಿಮ್ಮ ಯಜಮಾನರನ್ನ ಎಲ್ಲಿ ಮಣ್ಣು ಮಾಡಿದ್ರಿ?"